ಬರೆದದ್ದೊಂದು, ಓದಿದ್ದೊಂದು: ಕನ್ನಡ ಬೈಬಲು, ಬಿಟ್ಟುಹೋದ ಪುಸ್ತಕಗಳು ಮತ್ತು ದೇವರ ಹೆಸರು

ಎರಡು ವರ್ಷಗಳ ಹಿಂದೆ ನಮ್ಮ ಮಗನ ಮದುವೆ ಗೊತ್ತಾಯಿತು. ಹುಡುಗಿ ಇಲ್ಲೇ ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದವಳು, ತಂದೆತಾಯಿ ಮೈಸೂರಿನ ಕಡೆಯ ಕನ್ನಡ ಕಥೋಲಿಕರು. ನಾವು ಬಳ್ಳಾರಿಯ ಕಡೆಯ ಪ್ರೊಟೆಸ್ಟೆಂಟರು. ಊರಿನಲ್ಲಾಗಿದ್ದರೆ ಇದೇ ಒಂದು ದೊಡ್ಡ ಮಾತಾಗುತ್ತಿತ್ತು. ಇಲ್ಲಿ ಮಾತ್ರ, ಹುಡುಗ ಹುಡುಗಿ ಇಬ್ಬರೂ ಮನೆಯಲ್ಲಿ ಕನ್ನಡ ಆಡುವವರು ಎಂಬುದೇ ಎರಡೂ ಕಡೆಯವರಿಗೆ ಪರಮಾನಂದ. ಜಗಳ ಹುಟ್ಟಿದ್ದು ಬೇರೆ ಕಡೆಯಿಂದ.

ಮದುವೆಯ ಆರಾಧನೆಯಲ್ಲಿ ಒಂದು ವಾಚನವಾದರೂ ಕನ್ನಡದಲ್ಲಿರಲಿ ಎಂದು ಮಕ್ಕಳು ಆಸೆಪಟ್ಟರು. ಹುಡುಗಿ ತೋಬಿತನ ಪುಸ್ತಕದ ಎಂಟನೆಯ ಅಧ್ಯಾಯವನ್ನು ಆರಿಸಿಕೊಂಡಳು. ಮದುವೆಯ ರಾತ್ರಿ ತೋಬಿಯ ಮತ್ತು ಸಾರಾ ಸೇರಿ ಮಾಡುವ ಪ್ರಾರ್ಥನೆ ಅದು. ಕಥೋಲಿಕರ ಮದುವೆಗಳಲ್ಲಿ ಇದನ್ನು ಓದುವ ರೂಢಿ ಇದೆ. ಊರಿನಿಂದ ಬಂದಿದ್ದ ನಮ್ಮ ಅಪ್ಪನವರು ತಮ್ಮ ಹಳೆಯ ಸತ್ಯವೇದವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಹಾಳೆ ತಿರುವಿದರು. ಮಲಾಕಿಯ ಮುಗಿಯುತ್ತಲೇ ಮತ್ತಾಯ. ತೋಬಿತ ಎಲ್ಲಿಯೂ ಇಲ್ಲ. "ನಮ್ಮ ವೇದದಲ್ಲಿ ಇಲ್ಲದ್ದನ್ನ ನನ್ನ ಮೊಮ್ಮಗನ ಮದುವೆಯಾಗ ಓದೋದು ಬ್ಯಾಡ" ಎಂದರು. ಅವರದು ದೊಡ್ಡ ದನಿಯಲ್ಲ. ಆದರೆ ಎಂಬತ್ತನಾಲ್ಕು ವರ್ಷದವರು ಬ್ಯಾಡ ಎಂದರೆ ಮುಗಿಯಿತು.

ಅದೇ ವಾರ ಎರಡು ಮನೆಯವರೂ ಕೂಡಿ ಪ್ರಾರ್ಥನೆಗೆ ಕುಳಿತಾಗ ಇನ್ನೊಂದು. ಅಪ್ಪ ಆದಿಕಾಂಡ ಓದಿದರು. ನಮ್ಮ ಬೀಗಿತ್ತಿ ಆಮೇಲೆ ನನ್ನ ಹೆಂಡತಿಯ ಕಿವಿಯಲ್ಲಿ, "ಏನ್ರೀ ಇದು, ನಿಮ್ಮಲ್ಲಿ ದೇವರಿಗೆ 'ಮಾಡಿದನು' ಅಂತ ಏಕವಚನವಾ? ಅಷ್ಟು ದೊಡ್ಡವರಿಗೆ?" ಎಂದರಂತೆ. ಅಪ್ಪನ ಕಿವಿ ಮಂದ, ಕೇಳಿಸಲಿಲ್ಲ. ನನಗೆ ಕೇಳಿಸಿತು.

ಹೀಗೆ ಒಂದು ಪುಸ್ತಕದ ಗಡಿ, ಇನ್ನೊಂದು ಕ್ರಿಯಾಪದದ ತುದಿ, ಎರಡನ್ನೂ ತಲೆಯಲ್ಲಿಟ್ಟುಕೊಂಡು ನಾನು ಓದಲು ಕುಳಿತೆ. ನಾನು ದೇವಶಾಸ್ತ್ರ ಕಲಿತವನಲ್ಲ. ಇಲ್ಲಿ ಬರೆಯುತ್ತಿರುವುದು ಆ ಚಳಿಗಾಲದಲ್ಲಿ ಕೂಡಿಹಾಕಿಕೊಂಡ ಚರಿತ್ರೆ.

ಮೊದಲು ಪುಸ್ತಕದ ವಿಷಯ. ಕ್ರಿಸ್ತಪೂರ್ವ ಮೂರನೆಯ ಶತಮಾನದಿಂದ ಈಜಿಪ್ಟಿನ ಅಲೆಕ್ಸಾಂಡ್ರಿಯದ ಯೆಹೂದ್ಯರು ತಮ್ಮ ಹೀಬ್ರೂ ಗ್ರಂಥಗಳನ್ನು ಗ್ರೀಕಿಗೆ ಅನುವಾದಿಸಿಕೊಳ್ಳತೊಡಗಿದರು. ಪರದೇಶದಲ್ಲಿ ಹುಟ್ಟಿದ ಮಕ್ಕಳಿಗೆ ತಾಯ್ನುಡಿ ಬಾರದಾಗಿತ್ತು; ನಮ್ಮ ಸಂಘದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಗ್ರೀಕ್ ಸಂಗ್ರಹದಲ್ಲಿ ತೋಬಿತ, ಯೂದಿತ, ಸೊಲೊಮೋನನ ಜ್ಞಾನ, ಸೀರಾಕನ ಪುಸ್ತಕ, ಬಾರೂಕ, ಮಕ್ಕಬಿಯರ ಎರಡು ಪುಸ್ತಕ ಇವೂ ಇದ್ದವು. ಯೆಹೂದ್ಯರ ಹೀಬ್ರೂ ಪಟ್ಟಿಯಲ್ಲಿ ಇವು ನಿಲ್ಲಲಿಲ್ಲ. ಕ್ರೈಸ್ತರು ಓದುತ್ತಿದ್ದದ್ದು ಹೆಚ್ಚಾಗಿ ಗ್ರೀಕ್ ಆದ್ದರಿಂದ ಅವರಲ್ಲಿ ನಿಂತವು. ನಾಲ್ಕನೆಯ ಶತಮಾನದ ಕೊನೆಯಲ್ಲಿ ಲ್ಯಾಟಿನ್ ಅನುವಾದಕ್ಕೆ ಕುಳಿತ ಜೆರೋಮ್, ಹೀಬ್ರೂವಿನಲ್ಲಿ ಇಲ್ಲದ್ದು ಒಂದು ಮೆಟ್ಟಿಲು ಕೆಳಗೆ ಎಂದವನು. ಆದರೂ ಗೆಳೆಯರ ಒತ್ತಾಯಕ್ಕೆ ತೋಬಿತನನ್ನು ಒಂದೇ ದಿನದಲ್ಲಿ ಅನುವಾದಿಸಿ ಕೊಟ್ಟನಂತೆ. ಲೂಥರ್ 1534ರ ತನ್ನ ಜರ್ಮನ್ ಬೈಬಲಿನಲ್ಲಿ ಇವನ್ನು ಎರಡು ಒಡಂಬಡಿಕೆಗಳ ನಡುವೆ ಬೇರೆ ಕೂರಿಸಿ, ವೇದಕ್ಕೆ ಸಮವಲ್ಲ, ಆದರೆ ಓದಲು ಒಳ್ಳೆಯವು ಎಂಬ ಅರ್ಥದ ತಲೆಬರಹ ಕೊಟ್ಟ. ಕಥೋಲಿಕ ಸಭೆ 1546ರಲ್ಲಿ ಟ್ರೆಂಟ್ ಮಹಾಸಭೆಯಲ್ಲಿ ಇವೂ ವೇದವೇ ಎಂದು ತೀರ್ಮಾನಿಸಿತು. ಹಾಗಾಗಿ ಅವರ ಬೈಬಲಿನಲ್ಲಿ 73 ಪುಸ್ತಕ, ನಮ್ಮದರಲ್ಲಿ 66.

ಇಲ್ಲಿಯವರೆಗಿನದು ಎಲ್ಲರಿಗೂ ಗೊತ್ತಿರುವ ಕಥೆ. ನನಗೆ ಗೊತ್ತಿಲ್ಲದೆ ಇದ್ದದ್ದು ಏನೆಂದರೆ, 1611ರ ಇಂಗ್ಲಿಷ್ ಕಿಂಗ್ ಜೇಮ್ಸ್ ಬೈಬಲಿನಲ್ಲೂ ಈ ಪುಸ್ತಕಗಳು ಇದ್ದವು. ಹಾಗಾದರೆ ಇಂಗ್ಲಿಷರು ತಂದ ಕನ್ನಡ ಬೈಬಲಿನಲ್ಲಿ ಏಕಿಲ್ಲ?

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಕನ್ನಡಕ್ಕೆ ಆಗ ಕೈಗೆ ಸಿಗುವಂಥ ಅಚ್ಚಾದ ವ್ಯಾಕರಣವಿಲ್ಲ, ನಿಘಂಟಿಲ್ಲ. ಸೆರಾಂಪುರದ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಬಂದದ್ದೇ 1817ರಲ್ಲಿ. ಹ್ಯಾಂಡ್ಸ್‌ನ ಜೊತೆಗಾರ ವಿಲಿಯಂ ರೀವ್ ನಿಘಂಟಿಗೆ ಕೈಹಾಕಿದ, ಹ್ಯಾಂಡ್ಸ್ ಅನುವಾದಕ್ಕೆ. ಊರಿನ ಕನ್ನಡ ಬಲ್ಲವರ ನೆರವಿಲ್ಲದೆ ಇದು ಆಗುವ ಕೆಲಸವಲ್ಲ. ಅವರ ಹೆಸರು ಮುಖಪುಟಕ್ಕೆ ಬರುವ ಕಾಲ ಅದಾಗಿರಲಿಲ್ಲ. ಇಡೀ ಬೈಬಲು ಕನ್ನಡದಲ್ಲಿ ಮುಗಿದು ಹೊರಬಂದದ್ದು 1831ರಲ್ಲಿ. ಮುಂದೆ ಶತಮಾನದ ನಡುವೆ ಬಾಸೆಲ್ ಮಿಷನ್ನಿನ ವೈಗ್ಲೆ ಮೊದಲಾದವರು ಸೇರಿ ಅದನ್ನು ತಿದ್ದಿದರು, ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ತಿದ್ದುಪಡಿಯಾಯಿತು. ಅಪ್ಪನ ತೊಡೆಯ ಮೇಲಿದ್ದದ್ದು ಆ ವಂಶದ್ದೇ.

ಈ ಅನುವಾದಗಳ ಹಿಂದೆ ದುಡ್ಡು ಹಾಕುತ್ತಿದ್ದದ್ದು 1804ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಬ್ರಿಟಿಷ್ ಅಂಡ್ ಫಾರಿನ್ ಬೈಬಲ್ ಸೊಸೈಟಿ. ಹ್ಯಾಂಡ್ಸ್ ಬಳ್ಳಾರಿಯಲ್ಲಿ ಹಳೆಯ ಒಡಂಬಡಿಕೆಯೊಡನೆ ಗುದ್ದಾಡುತ್ತಿದ್ದ ವರ್ಷಗಳಲ್ಲೇ ಆ ಸೊಸೈಟಿಯೊಳಗೆ ಬೆಂಕಿ ಬಿದ್ದಿತ್ತು. ಯೂರೋಪಿನ ದೇಶಗಳಲ್ಲಿ ಅಪಾಕ್ರಿಫ ಸೇರಿದ ಬೈಬಲುಗಳಿಗೂ ಸೊಸೈಟಿ ಹಣ ಕೊಡುತ್ತಿದೆ ಎಂಬುದು ಸ್ಕಾಟ್ಲೆಂಡಿನವರಿಗೆ ತಿಳಿಯಿತು. ರಾಬರ್ಟ್ ಹಾಲ್ಡೇನ್ ಮುಂತಾದವರು, ದೇವರ ವಾಕ್ಯದ ಜೊತೆ ಮನುಷ್ಯರ ಕಥೆಯನ್ನು ಹೊಲಿದು ಮಾರುತ್ತೀರಾ ಎಂದು ಹಿಡಿದು ನಿಂತರು. 1826ರಲ್ಲಿ ಸೊಸೈಟಿ ಸೋತು, ಅಪಾಕ್ರಿಫ ಇರುವ ಬೈಬಲಿಗೆ ಇನ್ನು ಕಾಸು ಕೊಡುವುದಿಲ್ಲ ಎಂದು ನಿಯಮ ಮಾಡಿತು. ಅಷ್ಟಾದರೂ ಎಡಿನ್‌ಬರೊ, ಗ್ಲಾಸ್ಗೊ ಸಂಘಗಳು ಮುನಿಸಿಕೊಂಡು ಬೇರೆಯಾದವು. ಹ್ಯಾಂಡ್ಸ್‌ನ ಲಂಡನ್ ಮಿಷನ್ನಿನವರೂ ಈ ಪುಸ್ತಕಗಳನ್ನು ವೇದವೆಂದು ಎಣಿಸಿದವರಲ್ಲ. ಆದರೆ ಎಣಿಸಿದ್ದರೂ, ಲೂಥರನಂತೆ ನಡುವೆ ಇಡಬೇಕೆಂದು ಬಯಸಿದ್ದರೂ, ಐದು ವರ್ಷದ ಹಿಂದಿನ ಆ ನಿಯಮ ಬಿಡುತ್ತಿರಲಿಲ್ಲ. ಮಲಾಕಿಯ ಮುಗಿಯುತ್ತಲೇ ಮತ್ತಾಯ ಬರುವುದಕ್ಕೆ ದೇವಶಾಸ್ತ್ರದ ಜೊತೆಗೆ ಒಂದು ಲೆಕ್ಕದ ಪುಸ್ತಕವೂ ಕಾರಣ.

ಇದನ್ನು ಅಪ್ಪನಿಗೆ ಹೇಳಿದೆ. "ರೊಕ್ಕ ಕೊಡೋರು ಹೇಳಿದಂಗ ಕೇಳಬೇಕಾಗ್ತದ" ಎಂದರು. ಒಪ್ಪಿದರು ಎಂದೇನೂ ಅಲ್ಲ.

ಈಗ ದೇವರ ಹೆಸರು. ಹೀಬ್ರೂವಿನಲ್ಲಿ ಅದು ನಾಲ್ಕು ಅಕ್ಷರ. ಹೀಬ್ರೂ ಲಿಪಿಯಲ್ಲಿ ಮೂಲತಃ ವ್ಯಂಜನಗಳನ್ನಷ್ಟೇ ಬರೆಯುವುದು. ನಮ್ಮ ಕಾಗುಣಿತವನ್ನೆಲ್ಲ ಅಳಿಸಿ ಯ, ಹ, ವ, ಹ ಎಂದಷ್ಟೇ ಉಳಿಸಿದ ಹಾಗೆ. ಹಳೆಯ ಒಡಂಬಡಿಕೆಯಲ್ಲಿ ಈ ಹೆಸರು ಸುಮಾರು 6,800 ಸಲ ಬರುತ್ತದೆ. ಆದರೆ ಯೆಹೂದ್ಯರು ಭಕ್ತಿಭಯದಿಂದ ಅದನ್ನು ಉಚ್ಚರಿಸುವುದನ್ನೇ ಬಿಟ್ಟರು. ಓದುವಾಗ ಅಲ್ಲಿ 'ಅದೋನಾಯ್', ಅಂದರೆ 'ನನ್ನ ಒಡೆಯ' ಎನ್ನುವುದು ವಾಡಿಕೆಯಾಯಿತು. ಮುಂದೆ ಪಂಡಿತರು ಸ್ವರಚಿಹ್ನೆಗಳನ್ನು ಸೇರಿಸಿದಾಗ, ಓದುವವನಿಗೆ ನೆನಪಾಗಲಿ ಎಂದು ಆ ನಾಲ್ಕು ಅಕ್ಷರಗಳಿಗೆ ಅದೋನಾಯ್‌ನ ಸ್ವರಗಳನ್ನು ತೊಡಿಸಿದರು. ಒಂದು ಪದದ ಮೈ, ಇನ್ನೊಂದರ ಅಂಗಿ. ಕ್ರೈಸ್ತ ವಿದ್ವಾಂಸರು ಎರಡನ್ನೂ ಕೂಡಿಸಿ ಓದಿದ್ದರಿಂದ ಬಂದದ್ದು ಯೆಹೋವ.

ಇದನ್ನು ಓದಿದಾಗ ನನಗೆ ಥಟ್ಟನೆ ನೆನಪಾದದ್ದು ನಮ್ಮ ಅಜ್ಜಿ. ಅವರ ಕಾಲದ ಹೆಂಗಸರಂತೆ ಗಂಡನ ಹೆಸರು ಹೇಳುತ್ತಿರಲಿಲ್ಲ. ನಮ್ಮ ತಾತನ ಹೆಸರೋ, ಕೀರ್ತನೆಗಳನ್ನು ಹಾಡಿದ ಅರಸನ ಹೆಸರೇ. ಸಂಜೆ ಸತ್ಯವೇದ ಓದುವಾಗ ಕೀರ್ತನೆಯ ತಲೆಯಲ್ಲಿ ಆ ಹೆಸರು ಬಂದರೆ ಅಜ್ಜಿ ಒಂದು ಕ್ಷಣ ತಡೆದು "ಅವರ ಕೀರ್ತನೆ" ಎಂದು ಮುಂದೆ ಹೋಗುತ್ತಿದ್ದರು. ನಾವು ಮಕ್ಕಳು ಕಿಸಕ್ಕೆನ್ನುತ್ತಿದ್ದೆವು. ಬರೆದದ್ದು ಒಂದು, ಓದಿದ್ದು ಇನ್ನೊಂದು. ಯಾವ ರಬ್ಬಿಯೂ ಅಜ್ಜಿಗೆ ಕಲಿಸಿರಲಿಲ್ಲ. ಅದೇ ಅಜ್ಜಿ ಯೆಹೋವ ಎಂಬ ಹೆಸರನ್ನು ಮಾತ್ರ ಸಂಕೋಚವಿಲ್ಲದೆ, ಗಂಟಲು ತುಂಬಿ ಕರೆಯುತ್ತಿದ್ದರು.

ಕಥೋಲಿಕರು ಕನ್ನಡದಲ್ಲಿ ಹಿಡಿದ ದಾರಿ ಬೇರೆ. ಹದಿನೇಳನೆಯ ಶತಮಾನದಲ್ಲಿ ಮಧುರೆಯಲ್ಲಿದ್ದ ಯೇಸು ಸಭೆಯ ರಾಬರ್ಟ್ ದೆ ನೊಬಿಲಿ ತಮಿಳಿನಲ್ಲಿ ದೇವರನ್ನು ಸರ್ವೇಶ್ವರ ಎಂದು ಕರೆದಿದ್ದ. ನಮ್ಮ ಬೀಗರ ಮನೆಯ ಸರಳ ಕನ್ನಡದ ಬೈಬಲಿನಲ್ಲೂ ಯೆಹೋವ ಇರುವ ಕಡೆಗಳಲ್ಲಿ 'ಸರ್ವೇಶ್ವರ', 'ಪ್ರಭು' ಎಂಬ ಮಾತುಗಳಿವೆ. ಈ ಅನುವಾದ ಪ್ರೊಟೆಸ್ಟೆಂಟರೂ ಕಥೋಲಿಕರೂ ಕೂಡಿ ಮಾಡಿದ್ದು. 1968ರಲ್ಲಿ ಬೈಬಲ್ ಸೊಸೈಟಿಗಳೂ ವ್ಯಾಟಿಕನ್ನೂ ಸೇರಿ ಜಂಟಿ ಅನುವಾದಗಳಿಗೆ ನಿಯಮಾವಳಿ ಮಾಡಿಕೊಂಡ ಮೇಲೆ ಇಂಥವು ಸಾಧ್ಯವಾದವು. 1826ರಲ್ಲಿ ಮುಚ್ಚಿದ ಬಾಗಿಲು ಅಲ್ಲಿ ಸ್ವಲ್ಪ ತೆರೆಯಿತು. 2008ರಲ್ಲಿ ವ್ಯಾಟಿಕನ್, ಆರಾಧನೆಯಲ್ಲಿ ಆ ನಾಲ್ಕಕ್ಷರದ ಹೆಸರನ್ನು ಉಚ್ಚರಿಸದೆ 'ಪ್ರಭು' ಎಂಬರ್ಥದ ಪದವನ್ನೇ ಬಳಸಬೇಕೆಂದು ಮತ್ತೆ ತಿಳಿಸಿತು.

ಇನ್ನು ಬೀಗಿತ್ತಿಯವರ ಪ್ರಶ್ನೆ. ಹಳೆಯ ಸತ್ಯವೇದದಲ್ಲಿ 'ದೇವರು' ಎಂಬ ಕರ್ತೃವಿಗೆ 'ಉಂಟುಮಾಡಿದನು' ಎಂಬ ಕ್ರಿಯೆ. ಹೊಸದರಲ್ಲಿ 'ಸೃಷ್ಟಿಮಾಡಿದರು'. ನಾವು ಆಡುವ ಕನ್ನಡಕ್ಕೆ ಎರಡನೆಯದೇ ಸಹಜ. ಮೇಷ್ಟ್ರು ಬಂದರು ಎನ್ನುವವರು ದೇವರು ಮಾಡಿದನು ಎಂದರೆ ಕಿವಿಗೆ ಕಲ್ಲು ಸಿಕ್ಕಿದಂತೆ. ಆದರೆ ಹೀಬ್ರೂವಿನ ಮೊದಲ ವಾಕ್ಯದಲ್ಲಿ ದೇವರಿಗಿರುವ ಪದ 'ಎಲೋಹೀಮ್', ರೂಪದಲ್ಲಿ ಬಹುವಚನ. ಕ್ರಿಯಾಪದ ಏಕವಚನ. ಬಹುವಚನದ ರೂಪದ ನಾಮಪದ, ಏಕವಚನದ ಕ್ರಿಯೆ, ದೇವರು ಒಬ್ಬನೇ ಎಂಬ ಅರ್ಥ. ನಮ್ಮ 'ದೇವರು' ಕೂಡ ರೂಪದಲ್ಲಿ ಬಹುವಚನವೇ. ಹಳೆಯ ಅನುವಾದಕರು ಇದನ್ನು ಬೇಕೆಂದೇ ಮಾಡಿದರೋ, ಒಬ್ಬನೇ ದೇವರೆಂದು ಒತ್ತಿ ಹೇಳುವ ಹಟದಲ್ಲಿ ತಾನಾಗಿ ಆಯಿತೋ, ಅಪ್ಪನ ಒರಟು ವಾಕ್ಯ ಮೂಲಕ್ಕೆ ಅಕ್ಷರಶಃ ಹತ್ತಿರ. ಅಲ್ಲದೆ ಕನ್ನಡದಲ್ಲಿ ದೇವರಿಗೆ ಏಕವಚನ ಹೊಸದೇನಲ್ಲ. ವಚನಕಾರರು, ದಾಸರು ಎಲ್ಲರೂ 'ನೀನು' ಎಂದೇ ಕರೆದವರು. ಅವ್ವನಿಗೆ ಯಾರೂ ಅವಮಾನ ಮಾಡಲೆಂದು ನೀನು ಎನ್ನುವುದಿಲ್ಲ. ಹಾಗೆಂದು ಬೀಗಿತ್ತಿಯವರದು ತಪ್ಪು ಎಂದು ನಾನು ಹೇಳಲಾರೆ. ಗುಡಿಯಲ್ಲಿ ಕರೆಯುವ ನೀನು ಬೇರೆ, ಕಥೆ ಹೇಳುವಾಗಿನ ಅವನು ಬೇರೆ.

ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದ ಬಗ್ಗೆ ಹೇಳದೆ ಮುಗಿಸುವಂತಿಲ್ಲ. ನಮ್ಮ ಮನೆಯಿಂದ ರೈಲಿನಲ್ಲಿ ಒಂದು ಗಂಟೆ. ಬೈಬಲ್ ಸೊಸೈಟಿಯ ಹಳೆಯ ಸಂಗ್ರಹ 1980ರ ದಶಕದಿಂದ ಅಲ್ಲಿದೆ. ಅದೇ ಕಟ್ಟಡದಲ್ಲಿ ಕೈರೋ ಗೆನೀಜಾದ ಕಾಗದಗಳೂ ಇವೆ. ದೇವರ ಹೆಸರು ಬರೆದ ಕಾಗದವನ್ನು ಯೆಹೂದ್ಯರು ಹರಿಯುವುದಿಲ್ಲ, ಸುಡುವುದಿಲ್ಲ; ಹಳತಾದರೆ ಒಂದು ಕೋಣೆಯಲ್ಲಿ ಇಡುತ್ತಾರೆ. ಹಳೆ ಕೈರೋದ ಬೆನ್ ಎಜ್ರಾ ಮಂದಿರದಲ್ಲಿ ಹೆಸರಿರುವುದು, ಇಲ್ಲದ್ದು ಎಲ್ಲವನ್ನೂ ಶತಮಾನಗಟ್ಟಲೆ ಹೀಗೇ ಒಟ್ಟಿದ್ದರು.

1896ರಲ್ಲಿ ಸ್ಕಾಟ್ಲೆಂಡಿನ ಅವಳಿ ಸೋದರಿಯರಾದ ಆಗ್ನೆಸ್ ಲೂಯಿಸ್ ಮತ್ತು ಮಾರ್ಗರೆಟ್ ಗಿಬ್ಸನ್ ಪೂರ್ವದೇಶಗಳಲ್ಲಿ ಕೊಂಡ ಕೆಲವು ಹಾಳೆಗಳನ್ನು ಕೇಂಬ್ರಿಜ್‌ನ ಸೊಲೊಮನ್ ಶೆಕ್ಟರ್‌ಗೆ ತೋರಿಸಿದರು. ಅದರಲ್ಲೊಂದು ಸೀರಾಕನ ಪುಸ್ತಕದ ಹೀಬ್ರೂ ಹಾಳೆ. ಹೀಬ್ರೂವಿನಲ್ಲಿ ಕಳೆದೇಹೋಗಿದೆ ಎಂದುಕೊಂಡಿದ್ದ ಪುಸ್ತಕ ಅದು. ಇದರ ಬೆನ್ನುಹಿಡಿದು ಕೈರೋಗೆ ಹೋದ ಶೆಕ್ಟರ್ ಸುಮಾರು 1,93,000 ತುಣುಕುಗಳನ್ನು ತಂದ. ಅಪಾಕ್ರಿಫವನ್ನು ಹೊರಗಟ್ಟಿದ ಪ್ರೆಸ್ಬಿಟೇರಿಯನ್ ಸಭೆಯ ಹೆಣ್ಣುಮಕ್ಕಳೇ ಅದರ ಒಂದು ಹಾಳೆಯನ್ನು ಮನೆಗೆ ತಂದದ್ದು ನನಗೆ ಬಹಳ ಹಿಡಿಸಿತು. ಆಮೇಲೆ ಮೃತಸಮುದ್ರದ ಬಳಿಯ ಕುಮ್ರಾನ್ ಗುಹೆಗಳಲ್ಲಿ ತೋಬಿತನ ಅರಮಾಯಿಕ್ ಮತ್ತು ಹೀಬ್ರೂ ತುಣುಕುಗಳೂ ಸಿಕ್ಕವು.

ಗೆನೀಜಾದಲ್ಲಿ ನಮ್ಮ ಊರ ಕಡೆಯವರ ಸುದ್ದಿಯೂ ಇದೆ. ಟ್ಯುನೀಷಿಯದ ಕಡೆಯ ಯೆಹೂದ್ಯ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಹನ್ನೆರಡನೆಯ ಶತಮಾನದಲ್ಲಿ, 1132ರ ಹೊತ್ತಿಗೆ, ಮಂಗಳೂರಿನಲ್ಲಿ ನೆಲೆಸಿ ಸುಮಾರು 17 ವರ್ಷ ಅಲ್ಲಿದ್ದ. ಕರಾವಳಿಯ ಮೆಣಸು, ಅಡಿಕೆ ಏಡನ್ನಿಗೆ ಕಳಿಸುತ್ತಿದ್ದ. ಅಲ್ಲಿಂದ ಗೆಳೆಯರು ಬೇರೆ ಸಾಮಾನಿನ ಜೊತೆ ಬರೆಯಲು ಕಾಗದ ಕಳಿಸುತ್ತಿದ್ದರು. ಅವನ ಆಳು ಬೊಮ್ಮನ ಬೆನ್ನುಹತ್ತಿ ಅಮಿತಾವ್ ಘೋಷ್ 1992ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಮಂಗಳೂರಿನ ಅಡಿಕೆಯ ಲೆಕ್ಕ ಒಂಬತ್ತು ಶತಮಾನ ಉಳಿದದ್ದು ಅಡಿಕೆಯ ಮೇಲಿನ ಗೌರವದಿಂದಲ್ಲ, ಆ ಹೆಸರಿನ ಮೇಲಿನ ಭಯದಿಂದ.

ಮದುವೆಗೆ ಮೂರು ವಾರ ಇರುವಾಗ ಅಪ್ಪ, "ಆ ಪುಸ್ತಕದಾಗ ಏನದ, ಓದು ನೋಡೋಣ" ಎಂದರು. ಅವರಿಗೆ ಕಣ್ಣಿನ ಪೊರೆ, ಸಣ್ಣ ಅಕ್ಷರ ಕಾಣುವುದಿಲ್ಲ. ಬೀಗರ ಮನೆಯ ಬೈಬಲು ತಂದು ನಾಲ್ಕು ಸಂಜೆ ಓದಿ ಹೇಳಿದೆ. ನಿನೆವೆಯಲ್ಲಿ ಪರದೇಶಿಯಾಗಿ ಬಾಳುತ್ತಿರುವ ಕುರುಡು ತಂದೆ, ಬಾಕಿ ವಸೂಲಿಗೆಂದು ದೂರದೇಶಕ್ಕೆ ಹೊರಟ ಮಗ, ದಾರಿಯ ಜೊತೆಗಾರನಾಗಿ ಬಂದ ದೇವದೂತ, ಅವರ ಹಿಂದೆ ಹೊರಟ ಒಂದು ನಾಯಿ. ಮಗ ತಂದ ಮದ್ದಿನಿಂದ ತಂದೆಗೆ ಕಣ್ಣು ಬರುವ ಭಾಗಕ್ಕೆ ಅಪ್ಪ ತಮ್ಮ ಕನ್ನಡಕ ತೆಗೆದು ಒರೆಸಿಕೊಂಡರು.

"ವೇದ ಅನ್ನಾಂಗಿಲ್ಲ ನಾನು," ಎಂದರು. "ಹುಡುಗಿ ಓದಲಿ."

ಹುಡುಗಿ ಓದಿದಳು. ಆಮೇಲಿನ ಪ್ರಾರ್ಥನೆಯಲ್ಲಿ ಅಪ್ಪ ಯೆಹೋವ ಎಂದರು, ಬೀಗಿತ್ತಿ ಸರ್ವೇಶ್ವರ ಎಂದರು, ಅಪ್ಪನ ಮಗ್ಗುಲಲ್ಲೇ ನಿಂತು. ಊಟದ ಹೊತ್ತಿಗೆ ಅಪ್ಪ ನನ್ನನ್ನು ಹತ್ತಿರ ಕರೆದು, "ಆ ನಾಯಿ ಮನಿಗೆ ವಾಪಸ್ ಬಂತೇನು? ನೀ ಹೇಳಲೇ ಇಲ್ಲ" ಎಂದು ಕೇಳಿದರು. ಬಂತು ಎಂದೆ. ಹನ್ನೊಂದನೆಯ ಅಧ್ಯಾಯದಲ್ಲಿದೆ.