ಕಂಬಳಿ ಹಣ್ಣಿನ ಬಣ್ಣದ ಚರಿತ್ರೆ

ಬಂಗಾರಪೇಟೆಯ ಕಡೆ ಕಂಬಳಿ ಗಿಡ, ಅಂದರೆ ಹಿಪ್ಪುನೇರಳೆ, ಎಂದೊಡನೆ ನೆನಪಾಗುವುದು ಸೊಪ್ಪು. ಹಣ್ಣು ಮಕ್ಕಳ ಪಾಲು, ಉಳಿದದ್ದು ಹಕ್ಕಿಗಳ ಪಾಲು. ಆ ಹಣ್ಣಿನ ಬಣ್ಣಕ್ಕೂ ಒಂದು ಬೆಲೆಯುಂಟು. ಆ ವಿಚಾರವಾಗಿ ಈ ದಿನ ನಾಲ್ಕು ಮಾತು.

ಮೈಸೂರು ಸೀಮೆಯಲ್ಲಿ ರೇಷ್ಮೆಗೆ 18ನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನ್ ಉತ್ತೇಜನ ಕೊಟ್ಟನು. ಅಂದಿನಿಂದ ನಾವು ಈ ಗಿಡವನ್ನು ಬೆಳೆಸಿದ್ದು ಹುಳುವಿನ ಹೊಟ್ಟೆಗಾಗಿ. ಸೊಪ್ಪಿಗಾಗಿ ಮತ್ತೆ ಮತ್ತೆ ಸವರುವ ತೋಟದಲ್ಲಿ ಹಣ್ಣು ಎಲ್ಲಿ ನಿಂತೀತು? ನಿಂತರೂ ಒಂದೆರಡು ದಿನಕ್ಕೇ ಕೆಡುತ್ತದೆ. ಹೀಗಾಗಿ ಹಣ್ಣು ಪೇಟೆ ಕಾಣಲೇ ಇಲ್ಲ.

ಅತ್ತ ವಿಜ್ಞಾನಿಗಳು ಬಣ್ಣದ ಬೆನ್ನು ಹತ್ತಿದ್ದರು. 1835ರಲ್ಲಿ ಜರ್ಮನಿಯ ಮಾರ್ಕ್ವಾರ್ಟ್ ಹೂವಿನ ನೀಲಿ ಬಣ್ಣದ ವಸ್ತುವಿಗೆ ಆಂಥೋಸಯನಿನ್ ಎಂದು ಹೆಸರಿಟ್ಟರು. ಸಸ್ಯಗಳ ಬಣ್ಣಗಳನ್ನು ಶೋಧಿಸಿದ ವಿಲ್‌ಸ್ಟಾಟರ್ ಅವರಿಗೆ 1915ರ ನೊಬೆಲ್ ಬಹುಮಾನ ಬಂತು. ನಮ್ಮ ಕಂಬಳಿ ಹಣ್ಣನ್ನು ಕಪ್ಪಾಗಿಸುವುದೂ, ನೇರಳೆ ಹಣ್ಣು ತಿಂದರೆ ನಾಲಿಗೆಗೆ ಹತ್ತುವುದೂ ಇದೇ ಜಾತಿಯ ಬಣ್ಣ.

ಇದು ಉತ್ಕರ್ಷಣ ನಿರೋಧಕವೂ ಹೌದು. ಹಾಗೆಂದರೇನು ಅಂತೀರಾ? ಎಣ್ಣೆ ಕಮಟು ಹಿಡಿಯುವುದು ಗಾಳಿಯ ಆಮ್ಲಜನಕ ತಗುಲಿ. ಅಂಥ ಕೆಡುವಿಕೆಯನ್ನು ತಡೆಯುವ ವಸ್ತುವೆಂದು ತಿಳಿಯಿರಿ. ಆದರೆ ರೋಗ ವಾಸಿಯಾಗುತ್ತದೆಂದು ಹೇಳಿ ಮಾರಬೇಡಿ. ಪ್ರಯೋಗಶಾಲೆಯ ನಳಿಕೆಯಲ್ಲಿ ಕಂಡದ್ದೆಲ್ಲ ದೇಹದಲ್ಲಿಯೂ ನಡೆಯುತ್ತದೆಂದು ಸಿದ್ಧವಾಗಿಲ್ಲ.

ಹಾಗಾದರೆ ಉಪಯೋಗವೇನು? ಷರಬತ್ತು, ಜಾಮು, ಒಣಗಿಸಿದ ಪುಡಿ, ತಿಂಡಿಗೆ ಹಾಕುವ ಸಹಜ ಬಣ್ಣ. ರಸಕ್ಕೆ ನಿಂಬೆಹುಳಿ ಬಿದ್ದರೆ ಕೆಂಪು ಏರುತ್ತದೆ, ಬಣ್ಣವೂ ಹೆಚ್ಚು ನಿಲ್ಲುತ್ತದೆ; ಅಡಿಗೆ ಸೋಡ ಬಿದ್ದರೆ ನೀಲಿಗೆ ತಿರುಗುತ್ತದೆ. ಬಹಳ ಹೊತ್ತು ಕುದಿಸಬಾರದು. ಕಬ್ಬಿಣದ ಪಾತ್ರೆ ಬೇಡ, ಸ್ಟೀಲು ಆಗಬಹುದು. ಕೊಯ್ದ ದಿನವೇ ರಸ ತೆಗೆಯಬೇಕು. ಮಾರುವುದಾದರೆ ಆಹಾರ ಸುರಕ್ಷತೆಯ ನೋಂದಣಿ ಅಗತ್ಯ.

ಸೊಪ್ಪಿನ ತೋಟ ಸೊಪ್ಪಿಗೇ ಇರಲಿ. ಬದುವಿನ ಮೇಲೆ ನಾಲ್ಕಾರು ಗಿಡ ಮರವಾಗಲು ಬಿಡಿ. ಹಣ್ಣಿರುವಾಗ ಔಷಧಿ ಹೊಡೆಯಬೇಡಿ.

ಇಷ್ಟು ಶ್ರಮ ಏಕೆ? ಪಕ್ಕದ ಚಿನ್ನದ ಗಣಿಯನ್ನೇ ನೋಡಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈ ಹಾಕಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತೇ ಬಂತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ, ಅದೊಂದನ್ನೇ ನೆಚ್ಚಿದ್ದ ಸಂಸಾರಗಳು ಬೀದಿಗೆ ಬಂದವು. ಗೂಡಿನ ಧಾರಣೆ ಇಳಿದ ವರ್ಷ ರೇಷ್ಮೆ ಬೆಳೆಗಾರನ ಪಾಡೂ ಹಾಗೆಯೇ. ಒಂದೇ ಗಿಡದಿಂದ ಎರಡನೆಯ ಕಾಸು ಹುಟ್ಟುವುದಾದರೆ ಅದನ್ನು ಹಕ್ಕಿಗೆ ಬಿಡುವುದೇಕೆ? ಯೋಚಿಸಿ ನೋಡಿ.