ದಂತಚಿಕಿತ್ಸೆಯ ಭಯ ಮತ್ತು ಸಂಕೋಚ

ದಂತಚಿಕಿತ್ಸೆಯ ಭಯ ಎಂದರೆ ದಂತವೈದ್ಯರ ಬಳಿಗೆ ಹೋಗಬೇಕಾದ ಸಂದರ್ಭದಲ್ಲಿ, ಅಥವಾ ಅದನ್ನು ನೆನೆದಾಗಲೇ, ವ್ಯಕ್ತಿಯಲ್ಲಿ ಉಂಟಾಗುವ ಕಳವಳ. ಇದು ಸಣ್ಣ ಅಳುಕಿನಿಂದ ಹಿಡಿದು ಚಿಕಿತ್ಸೆಯನ್ನು ವರ್ಷಗಟ್ಟಲೆ ಮುಂದೂಡುವಂತೆ ಮಾಡುವ ತೀವ್ರ ಭೀತಿಯವರೆಗೆ ಇರಬಹುದು. ಹಲವರಲ್ಲಿ ಇದರ ಜೊತೆಗೆ ತಮ್ಮ ಹಲ್ಲುಗಳ ಸ್ಥಿತಿಯ ಬಗ್ಗೆ ನಾಚಿಕೆಯೂ ಇರುತ್ತದೆ. ಕರ್ನಾಟಕದ ರಾಯಚೂರು ಜಿಲ್ಲೆಯಲ್ಲಿ ಅಂತರ್ಜಲದ ಫ್ಲೋರೈಡ್‌ನಿಂದ ಹಲ್ಲಿನ ಮೇಲೆ ಮೂಡುವ ಕಲೆಗಳು ಇಂತಹ ಸಂಕೋಚಕ್ಕೆ ಒಂದು ಕಾರಣವಾಗಿವೆ.

## ಕಾರಣಗಳು

ಬಾಲ್ಯದಲ್ಲಿ ಅನುಭವಿಸಿದ ನೋವು ಈ ಭಯದ ಸಾಮಾನ್ಯ ಮೂಲ. ಮನೆಯ ಹಿರಿಯರ ಭಯವನ್ನು ನೋಡಿ ಮಕ್ಕಳು ತಾವೂ ಭಯಪಡುವುದುಂಟು. ಸೂಜಿ, ಕೊರೆಯುವ ಯಂತ್ರದ ಸದ್ದು, ಔಷಧದ ವಾಸನೆ ಹಾಗೂ ಬಾಯಿ ತೆರೆದು ಮಲಗಿದಾಗ ಏನೂ ಹೇಳಲಾಗದ ಅಸಹಾಯಕತೆ ಇದನ್ನು ಹೆಚ್ಚಿಸುತ್ತವೆ.

ತಪ್ಪು ನಂಬಿಕೆಗಳೂ ಜನರನ್ನು ಚಿಕಿತ್ಸೆಯಿಂದ ದೂರವಿಡುತ್ತವೆ. ಮೇಲಿನ ಹಲ್ಲನ್ನು ಕೀಳಿಸಿದರೆ ಕಣ್ಣಿನ ದೃಷ್ಟಿ ಕುಂದುತ್ತದೆ ಎಂಬುದು ಅವುಗಳಲ್ಲೊಂದು. ಹಲ್ಲಿನ ನರಕ್ಕೂ ನೋಟದ ನರಕ್ಕೂ ಅಂತಹ ಸಂಬಂಧವಿಲ್ಲ. ಹಲ್ಲು ಶುಚಿಗೊಳಿಸಿದರೆ ಸಡಿಲವಾಗುತ್ತವೆ ಎಂಬುದು ಇನ್ನೊಂದು. ವಾಸ್ತವದಲ್ಲಿ ಗಟ್ಟಿಯಾದ ಪಾಚಿಯಿಂದ ವಸಡಿನ ರೋಗವಾಗಿ ಹಲ್ಲು ಮೊದಲೇ ಸಡಿಲಗೊಂಡಿರುತ್ತದೆ. ಪಾಚಿ ತೆಗೆದಾಗ ಅದು ಗೊತ್ತಾಗುತ್ತದೆ.

## ಭಯದ ವಿಷವರ್ತುಲ

ಸ್ವೀಡನ್ನಿನ ಸಂಶೋಧಕ ಉಲ್ಫ್ ಬೆರ್ಗ್‌ಗ್ರೆನ್ 1984ರಲ್ಲಿ ಈ ಸಮಸ್ಯೆಯನ್ನು ಒಂದು ವಿಷವರ್ತುಲವಾಗಿ ವಿವರಿಸಿದರು. ಭಯದಿಂದ ವ್ಯಕ್ತಿ ಚಿಕಿತ್ಸೆಯನ್ನು ತಪ್ಪಿಸಿಕೊಳ್ಳುತ್ತಾನೆ. ಅದರಿಂದ ಹುಳುಕು ಹಾಗೂ ವಸಡಿನ ರೋಗ ಹೆಚ್ಚುತ್ತವೆ. ಹದಗೆಟ್ಟ ಹಲ್ಲುಗಳನ್ನು ತೋರಿಸಲು ನಾಚಿಕೆಯಾಗುತ್ತದೆ. ವೈದ್ಯರು ಬೈಯಬಹುದೆಂಬ ಅಂಜಿಕೆ ಸೇರಿ ಭಯ ಇಮ್ಮಡಿಯಾಗುತ್ತದೆ. ಕೊನೆಗೆ ನೋವು ತಾಳಲಾರದಾಗ ಬಂದವರಿಗೆ ಹಲ್ಲು ಕೀಳುವಂತಹ ದೊಡ್ಡ ಚಿಕಿತ್ಸೆಯೇ ಬೇಕಾಗಬಹುದು. ಹೀಗೆ ಮೊದಲಿನ ಭಯ ನಿಜವಾದಂತೆ ತೋರುತ್ತದೆ.

ಅಂಗಡಿಯಿಂದ ತಂದ ನೋವಿನ ಮಾತ್ರೆ ಅಥವಾ ಲವಂಗದ ಎಣ್ಣೆ ನೋವನ್ನು ತಾತ್ಕಾಲಿಕವಾಗಿ ಶಮನಗೊಳಿಸಬಹುದಾದರೂ ಹುಳುಕನ್ನು ಗುಣಪಡಿಸುವುದಿಲ್ಲ. ಮುಖ ಅಥವಾ ಕತ್ತು ಊದಿಕೊಂಡು ಜ್ವರ ಬಂದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಅದು ಪ್ರಾಣಾಪಾಯದ ಲಕ್ಷಣವಾಗಿದ್ದು, ತಕ್ಷಣ ಆಸ್ಪತ್ರೆಗೆ ಹೋಗಬೇಕಾಗುತ್ತದೆ.

## ರಾಯಚೂರು ಜಿಲ್ಲೆಯಲ್ಲಿ

ರಾಯಚೂರು ಜಿಲ್ಲೆಯು ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ದೋಆಬ್ ಪ್ರದೇಶದಲ್ಲಿದೆ. ದೇವದುರ್ಗ ತಾಲ್ಲೂಕು ಕೃಷ್ಣೆಯ ಕಡೆಗೂ ಮಾನ್ವಿ ತಾಲ್ಲೂಕು ತುಂಗಭದ್ರೆಯ ಕಡೆಗೂ ಇವೆ. ಎರಡು ನದಿಗಳ ನಡುವೆ ಇದ್ದರೂ ಇಲ್ಲಿನ ಅನೇಕ ಹಳ್ಳಿಗಳು ಕುಡಿಯುವ ನೀರಿಗಾಗಿ ಕೊಳವೆಬಾವಿಗಳನ್ನು ಅವಲಂಬಿಸಿವೆ. ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿರುವ ಖನಿಜಗಳಿಂದ ಫ್ಲೋರೈಡ್ ಅಂತರ್ಜಲಕ್ಕೆ ಸೇರುತ್ತದೆ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ. ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಅನುಮತಿಯಿದೆ. ಜಿಲ್ಲೆಯ ಹಲವು ಗ್ರಾಮಗಳ ನೀರು ಈ ಮಿತಿಯನ್ನು ಮೀರಿದೆ.

ಒಸಡಿನೊಳಗೆ ಶಾಶ್ವತ ಹಲ್ಲುಗಳು ರೂಪುಗೊಳ್ಳುವ ಕಾಲದಲ್ಲಿ, ಅಂದರೆ ಸುಮಾರು 8 ವರ್ಷದೊಳಗೆ, ಮಗು ಇಂತಹ ನೀರನ್ನು ಕುಡಿದರೆ ಎನಾಮಲ್ ಸರಿಯಾಗಿ ಬೆಳೆಯದೆ ಬಿಳಿ ಗೆರೆಗಳು, ಹಳದಿ ಅಥವಾ ಕಂದು ಕಲೆಗಳು, ತೀವ್ರವಾದಾಗ ಸಣ್ಣ ಗುಳಿಗಳು ಕಾಣಿಸುತ್ತವೆ. ಇದಕ್ಕೆ ದಂತ ಫ್ಲೋರೋಸಿಸ್ ಎಂದು ಹೆಸರು. ಈ ಕಲೆಗಳು ಹಲ್ಲಿನ ರಚನೆಯಲ್ಲೇ ಇರುವುದರಿಂದ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಆದರೂ ಇವುಗಳನ್ನು ಹಲ್ಲುಜ್ಜದವರ ಕೊಳೆ ಎಂದೋ ತಂಬಾಕಿನ ಗುರುತು ಎಂದೋ ತಪ್ಪಾಗಿ ಭಾವಿಸುವುದುಂಟು. ಇದರಿಂದ ಮಕ್ಕಳು ಬಾಯಿಗೆ ಕೈ ಅಡ್ಡವಿಟ್ಟು ನಗುವುದು, ತರಗತಿಯಲ್ಲಿ ಮಾತನಾಡಲು ಹಿಂಜರಿಯುವುದು ಹಾಗೂ ಬೆಳೆದ ಮೇಲೆ ಮದುವೆಯ ಮಾತುಕತೆಯ ವೇಳೆ ಮುಜುಗರಪಡುವುದು ಸಂಭವಿಸುತ್ತದೆ. ಕಲೆಗೆ ಕಾರಣ ನೀರೇ ಹೊರತು ವ್ಯಕ್ತಿಯ ಅಶುಚಿತ್ವವಲ್ಲ.

ನೀರನ್ನು ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ನದಿ ನೀರಿನ ಪೂರೈಕೆ, ಮಳೆ ನೀರಿನ ಸಂಗ್ರಹ ಮತ್ತು ಶುದ್ಧೀಕರಣ ಘಟಕಗಳು ಪರಿಹಾರಗಳಾಗಿವೆ.

ಗುಟ್ಕಾ, ತಂಬಾಕು ಹಾಗೂ ಅಡಿಕೆ ಸೇವಿಸುವವರ ಸಂಕೋಚ ಬೇರೆ ಬಗೆಯದು. ಚಟ ಬಯಲಾಗಬಹುದು ಅಥವಾ ಕ್ಯಾನ್ಸರ್ ಎಂದು ತಿಳಿಯಬಹುದು ಎಂಬ ಹೆದರಿಕೆಯಿಂದ ಅವರು ಪರೀಕ್ಷೆಯನ್ನು ಮುಂದೂಡುತ್ತಾರೆ. ಬಾಯಿ ತೆರೆಯಲು ಕಷ್ಟವಾಗುವುದು, ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು ಕಂಡಲ್ಲಿ ಬೇಗ ತಪಾಸಣೆ ಮಾಡಿಸುವುದರಿಂದ ಗುಣವಾಗುವ ಸಾಧ್ಯತೆ ಹೆಚ್ಚುತ್ತದೆ.

## ಭಯದ ಮಾಪನ

1969ರಲ್ಲಿ ನಾರ್ಮನ್ ಕೋರಾ ನಾಲ್ಕು ಪ್ರಶ್ನೆಗಳ ಮಾಪಕವನ್ನು ರೂಪಿಸಿದರು. 1995ರಲ್ಲಿ ಜೆರಾಲ್ಡ್ ಹಂಫ್ರಿಸ್ ಮತ್ತು ಸಂಗಡಿಗರು ಅದಕ್ಕೆ ಚುಚ್ಚುಮದ್ದಿನ ಕುರಿತಾದ ಪ್ರಶ್ನೆಯನ್ನು ಸೇರಿಸಿ ಪರಿಷ್ಕರಿಸಿದರು. ಪರಿಷ್ಕೃತ ಮಾಪಕದಲ್ಲಿ 5ರಿಂದ 25ರವರೆಗೆ ಅಂಕಗಳಿದ್ದು, 19 ಅಥವಾ ಹೆಚ್ಚು ಬಂದರೆ ತೀವ್ರ ಭಯವೆಂದು ಪರಿಗಣಿಸಲಾಗುತ್ತದೆ.

## ನಿವಾರಣೋಪಾಯಗಳು

* ಮೊದಲೇ ತಿಳಿಸುವುದು: ಭಯವಿದೆ, ಅಥವಾ ಬಹಳ ವರ್ಷಗಳಿಂದ ಬಂದಿಲ್ಲ ಎಂದು ಆರಂಭದಲ್ಲೇ ಹೇಳಿದರೆ ವೈದ್ಯರು ಚಿಕಿತ್ಸೆಯ ವೇಗವನ್ನು ಅದಕ್ಕೆ ತಕ್ಕಂತೆ ಹೊಂದಿಸಬಹುದು.
* ಪರೀಕ್ಷೆಗೆ ಮಾತ್ರ ಮೊದಲ ಭೇಟಿ: ಮೊದಲ ದಿನ ಮಾತುಕತೆ ಮತ್ತು ತಪಾಸಣೆಯಷ್ಟೇ ನಡೆದರೆ ಆತ್ಮವಿಶ್ವಾಸ ಬೆಳೆಯುತ್ತದೆ.
* ನಿಲ್ಲಿಸುವ ಸನ್ನೆ: ಕೈ ಎತ್ತಿದೊಡನೆ ಚಿಕಿತ್ಸೆ ನಿಲ್ಲಿಸುವ ಒಪ್ಪಂದವು ಅಸಹಾಯಕತೆಯನ್ನು ಕಡಿಮೆ ಮಾಡುತ್ತದೆ.
* ಹೇಳಿ, ತೋರಿಸಿ, ಮಾಡುವ ಕ್ರಮ: 1959ರಲ್ಲಿ ಆಡಲ್‌ಸ್ಟನ್ ಮಂಡಿಸಿದ ಈ ವಿಧಾನದಲ್ಲಿ ಪ್ರತಿ ಉಪಕರಣವನ್ನೂ ಮೊದಲು ಪರಿಚಯಿಸಿ ಬಳಿಕ ಬಳಸಲಾಗುತ್ತದೆ. ಇದು ಮಕ್ಕಳಲ್ಲಿ ಹೆಚ್ಚು ಬಳಕೆಯಲ್ಲಿದೆ.
* ನೋವು ನಿಯಂತ್ರಣ: 1943ರಲ್ಲಿ ಸ್ವೀಡನ್ನಿನಲ್ಲಿ ಸಂಶ್ಲೇಷಿಸಲಾದ ಲಿಡೊಕೇನ್‌ನಂತಹ ಔಷಧಗಳು ಚಿಕಿತ್ಸೆಯ ಭಾಗವನ್ನು ಮಾತ್ರ ಮರಗಟ್ಟಿಸುತ್ತವೆ. ಚುಚ್ಚುವ ಮುನ್ನ ವಸಡಿಗೆ ಮರಗಟ್ಟಿಸುವ ಲೇಪ ಹಚ್ಚಬಹುದು.
* ಮನೋಚಿಕಿತ್ಸೆ: ತೀವ್ರ ಭಯವಿರುವವರಿಗೆ ಅರಿವು-ವರ್ತನಾ ಚಿಕಿತ್ಸೆ ಪರಿಣಾಮಕಾರಿಯಾಗಿದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಉಚಿತ ಸಲಹೆ ದೊರೆಯುತ್ತದೆ.

ಫ್ಲೋರೋಸಿಸ್ ಕಲೆಗಳಿಗೆ ತೀವ್ರತೆಗನುಗುಣವಾಗಿ ಮೇಲ್ಪದರದ ಸೂಕ್ಷ್ಮ ಉಜ್ಜುವಿಕೆ, ಬಿಳಿಚಿಸುವಿಕೆ, ಹಲ್ಲಿನ ಬಣ್ಣದ ಲೇಪನ ಅಥವಾ ತೆಳು ಹೊದಿಕೆಗಳನ್ನು ಬಳಸಲಾಗುತ್ತದೆ.

## ಚಿಕಿತ್ಸಾ ಸೌಲಭ್ಯ

ರಾಯಚೂರು ನಗರದಲ್ಲಿ ಎ.ಎಂ.ಇ. ದಂತ ವೈದ್ಯಕೀಯ ಕಾಲೇಜು ಮತ್ತು ನವೋದಯ ದಂತ ವೈದ್ಯಕೀಯ ಕಾಲೇಜುಗಳಿವೆ. ದಂತ ಕಾಲೇಜುಗಳಲ್ಲಿ ಶಿಕ್ಷಕರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳು ಚಿಕಿತ್ಸೆ ನೀಡುವುದರಿಂದ ವೆಚ್ಚ ಸಾಮಾನ್ಯವಾಗಿ ಕಡಿಮೆ. ದೇವದುರ್ಗ ಮತ್ತು ಮಾನ್ವಿಯಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ವಿಶೇಷ ಚಿಕಿತ್ಸೆಗಾಗಿ ನಗರಕ್ಕೆ ಬರಬೇಕಾದವರಿಗೆ ಪ್ರಯಾಣದ ಖರ್ಚು ಹಾಗೂ ಒಂದು ದಿನದ ಕೂಲಿ ನಷ್ಟವೂ ಭಯದೊಂದಿಗೆ ಸೇರಿ ಮುಂದೂಡಿಕೆಗೆ ಕಾರಣವಾಗುತ್ತವೆ. ಹಲ್ಲು ಕಳೆದುಕೊಂಡ ಬಡ ಹಿರಿಯರಿಗೆ ಕೃತಕ ದಂತಪಂಕ್ತಿ ಒದಗಿಸಲು ಕರ್ನಾಟಕ ಸರ್ಕಾರವು ದಂತಭಾಗ್ಯ ಯೋಜನೆಯನ್ನು ಜಾರಿಗೆ ತಂದಿದೆ.

## ಇವನ್ನೂ ನೋಡಿ

* ಫ್ಲೋರೋಸಿಸ್
* ದಂತಕ್ಷಯ
* ರಾಯಚೂರು ಜಿಲ್ಲೆ