ದ್ವಿಚಕ್ರ ವಾಹನ ಸವಾರರ ಸುರಕ್ಷತೆ

ಮೋಟಾರ್ ಸೈಕಲ್, ಸ್ಕೂಟರ್, ಮೊಪೆಡ್‌ಗಳನ್ನು ಓಡಿಸುವವರು ಮತ್ತು ಅವುಗಳ ಹಿಂಬದಿ ಕೂರುವವರು ಸಾರ್ವಜನಿಕ ರಸ್ತೆಯಲ್ಲಿ ಅಪಘಾತಕ್ಕೆ ಸಿಲುಕದಂತೆ, ಸಿಲುಕಿದರೂ ಜೀವ ಉಳಿಯುವಂತೆ ನೋಡಿಕೊಳ್ಳುವ ಕ್ರಮಗಳೆಲ್ಲ ಈ ವಿಷಯದ ವ್ಯಾಪ್ತಿಗೆ ಬರುತ್ತವೆ. ಭಾರತದ ರಸ್ತೆ ಸಾವುಗಳಲ್ಲಿ ಅತಿ ದೊಡ್ಡ ಪಾಲು ಇವರದು. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ 74,897 ಮಂದಿ, ಅಂದರೆ ಶೇ. 44.5ರಷ್ಟು ಜನ, ದ್ವಿಚಕ್ರ ವಾಹನದಲ್ಲಿದ್ದವರು. ಅದೇ ವರ್ಷ ಕರ್ನಾಟಕದಲ್ಲಿ ರಸ್ತೆ ಅಪಘಾತಗಳಿಂದ ಸತ್ತವರು 11,702 ಮಂದಿ.

ಪಶ್ಚಿಮದ ದೇಶಗಳಲ್ಲಿ ಮೋಟಾರ್ ಸೈಕಲ್ ಬಹುಮಟ್ಟಿಗೆ ಹವ್ಯಾಸಿಗಳ ವಾಹನ. ಇಲ್ಲಿ ಅದು ಇಡೀ ಸಂಸಾರದ ವಾಹನ. ಡೇರಿಗೆ ಹಾಲಿನ ಕ್ಯಾನು ಸಾಗುವುದು, ಮಕ್ಕಳು ಶಾಲೆಗೆ ಹೋಗುವುದು, ಮನೆ ಬಾಗಿಲಿಗೆ ಊಟದ ಪಾರ್ಸೆಲ್ ಬರುವುದು ಎಲ್ಲವೂ ಅದರ ಮೇಲೆಯೇ. ಆದ್ದರಿಂದ ಸವಾರರ ಸಾವನ್ನು ಪಡ್ಡೆ ಹುಡುಗರ ಹುಚ್ಚಾಟದ ಫಲವೆಂದು ತಳ್ಳಿಹಾಕುವುದು ಸರಿಯಲ್ಲ. ವ್ಹೀಲಿ ಮಾಡಿ ಸಾಯುವವರು ಇದ್ದಾರೆ, ನಿಜ. ಕೆಲಸ ಮುಗಿಸಿ ಮನೆಗೆ ಮರಳುತ್ತ ಸಾಯುವವರೂ ಇದ್ದಾರೆ.

ಕಾರಿನಲ್ಲಿ ಕುಳಿತವರ ಸುತ್ತ ಲೋಹದ ಕವಚವಿದೆ, ಎದೆಗೆ ಬೆಲ್ಟ್ ಇದೆ. ಸವಾರನಿಗೆ ಇವೆರಡೂ ಇಲ್ಲ. ಬೈಕು ಗುದ್ದಿ ನಿಂತರೂ ಅವನ ದೇಹ ಅದೇ ವೇಗದಲ್ಲಿ ಮುಂದಕ್ಕೆ ಹಾರುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗೋಡೆಗೋ ನಿಂತ ಲಾರಿಗೋ ಬಡಿಯುವುದೆಂದರೆ ಸುಮಾರು 14 ಮೀಟರ್ ಎತ್ತರದಿಂದ, ಅಂದರೆ ನಾಲ್ಕು ಅಂತಸ್ತಿನ ಕಟ್ಟಡದ ಮೇಲಿಂದ, ನೆಲಕ್ಕೆ ಬಿದ್ದಷ್ಟೇ ಪೆಟ್ಟು. ವೇಗ 40ಕ್ಕೆ ಇಳಿದರೆ ಆ ಎತ್ತರ ಆರು ಮೀಟರ್ ಚಿಲ್ಲರೆಗೆ ಇಳಿಯುತ್ತದೆ. ವೇಗ ಎರಡು ಪಟ್ಟಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುವುದರಿಂದ ಈ ವ್ಯತ್ಯಾಸ. ಜೊತೆಗೆ, 60ರ ವೇಗದಲ್ಲಿರುವ ಬೈಕು ಸೆಕೆಂಡಿಗೆ ಹದಿನೇಳು ಮೀಟರಿನಷ್ಟು ಓಡುತ್ತದೆ. ಅಡ್ಡ ಬಂದದ್ದನ್ನು ಕಣ್ಣು ಕಂಡು ಕೈ ಬ್ರೇಕ್ ಹಿಡಿಯುವುದಕ್ಕೇ ಒಂದು ಸೆಕೆಂಡು ಬೇಕು.

ಸವಾರರ ಸಾವಿಗೆ ಮುಖ್ಯ ಕಾರಣ ತಲೆಯ ಪೆಟ್ಟು. ಇದನ್ನು ವೈದ್ಯಕೀಯವಾಗಿ ಮೊದಲು ಎತ್ತಿ ತೋರಿಸಿದವರಲ್ಲಿ ಬ್ರಿಟನ್ನಿನ ನರಶಸ್ತ್ರಚಿಕಿತ್ಸಕ ಹ್ಯೂ ಕೇರ್ನ್ಸ್ ಪ್ರಮುಖ. ಲಾರೆನ್ಸ್ ಆಫ್ ಅರೇಬಿಯಾ ಎಂದೇ ಹೆಸರಾಗಿದ್ದ ಟಿ.ಇ. ಲಾರೆನ್ಸ್ 1935ರ ಮೇ ತಿಂಗಳಲ್ಲಿ ಮೋಟಾರ್ ಸೈಕಲ್ಲಿನಿಂದ ಬಿದ್ದು, ಆರು ದಿನ ಪ್ರಜ್ಞೆ ಮರಳದೆ ಸತ್ತಾಗ ಚಿಕಿತ್ಸೆಗೆ ಬಂದಿದ್ದ ವೈದ್ಯರಲ್ಲಿ ಕೇರ್ನ್ಸ್ ಒಬ್ಬರು. ಮುಂದೆ 1941ರಲ್ಲಿ ಅವರು ಸೇನೆಯ ಸವಾರರ ತಲೆಪೆಟ್ಟು ಮತ್ತು ಹೆಲ್ಮೆಟ್ಟಿನ ಅಗತ್ಯದ ಬಗ್ಗೆ ಪ್ರಬಂಧ ಪ್ರಕಟಿಸಿದರು. ಬ್ರಿಟನ್ನಿನಲ್ಲಿ ಹೆಲ್ಮೆಟ್ ಎಲ್ಲ ಸವಾರರಿಗೂ ಕಡ್ಡಾಯವಾದದ್ದು ಮಾತ್ರ 1973ರಲ್ಲಿ. ಹೆಲ್ಮೆಟ್ ಸಾವಿನ ಸಂಭವವನ್ನು ಶೇ. 42ರಷ್ಟು, ತಲೆಯ ಗಾಯದ ಸಂಭವವನ್ನು ಶೇ. 69ರಷ್ಟು ತಗ್ಗಿಸುತ್ತದೆ ಎಂಬುದು 2008ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯ ಅಂದಾಜು. 2022ರಲ್ಲಿ ಭಾರತದಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಮಂದಿ. ಅವರಲ್ಲಿ 14,337 ಜನ ಹಿಂಬದಿ ಕುಳಿತವರು.

ಹೆಲ್ಮೆಟ್ಟಿನಲ್ಲಿ ಕೆಲಸ ಮಾಡುವುದು ಹೊಳೆಯುವ ಹೊರಚಿಪ್ಪು ಮಾತ್ರವಲ್ಲ. ಚಿಪ್ಪು ಪೆಟ್ಟನ್ನು ಹರಡುತ್ತದೆ. ಅದನ್ನು ನುಂಗುವುದು ಒಳಗಿನ ಥರ್ಮೋಕೋಲ್ ಪದರ. ಆ ಪದರ ತಾನು ನಜ್ಜುಗುಜ್ಜಾಗಿ ತಲೆ ನಿಲ್ಲುವುದಕ್ಕೆ ಕೆಲವು ಮಿಲಿಸೆಕೆಂಡು ಹೆಚ್ಚು ಸಮಯ ಕೊಡುತ್ತದೆ, ಮಿದುಳು ತಲೆಬುರುಡೆಗೆ ಬಡಿಯುವ ರಭಸ ಅಷ್ಟರಮಟ್ಟಿಗೆ ತಗ್ಗುತ್ತದೆ. ಒಮ್ಮೆ ಅಮುಕಿಕೊಂಡ ಪದರ ಮತ್ತೆ ಉಬ್ಬುವುದಿಲ್ಲ. ಆದ್ದರಿಂದ ಅಪಘಾತ ಕಂಡ ಹೆಲ್ಮೆಟ್ ಹೊರಗಿನಿಂದ ಎಷ್ಟೇ ಚೆನ್ನಾಗಿ ಕಂಡರೂ ಮತ್ತೆ ಧರಿಸಬಾರದು. ರಸ್ತೆ ಬದಿಯಲ್ಲಿ ರಾಶಿ ಹಾಕಿ ಮಾರುವ, ಕಿವಿಯವರೆಗೂ ಬಾರದ ಅರ್ಧ ಹೆಲ್ಮೆಟ್‌ಗಳಲ್ಲಿ ಎಷ್ಟೋ ಸಲ ಈ ಪದರವೇ ಇರುವುದಿಲ್ಲ, ತೆಳುವಾದ ಸ್ಪಂಜು ಅಂಟಿಸಿರುತ್ತಾರೆ. ಪೊಲೀಸರ ಕಣ್ಣು ತಪ್ಪಿಸಲು ಅದು ಸಾಕು, ತಲೆ ಉಳಿಸಲು ಸಾಲದು. ಭಾರತೀಯ ಮಾನಕ ಐಎಸ್ 4151ರ ಗುರುತಿಲ್ಲದ ಹೆಲ್ಮೆಟ್‌ಗಳ ತಯಾರಿಕೆ, ಮಾರಾಟಗಳನ್ನು 2021ರ ಜೂನ್ 1ರಿಂದ ನಿಷೇಧಿಸಿದ್ದರೂ ಅವು ಇನ್ನೂ ಸಲೀಸಾಗಿ ಸಿಗುತ್ತವೆ. ಗದ್ದದ ಪಟ್ಟಿ ಬಿಗಿಯದೆ ಹಾಕಿಕೊಳ್ಳುವವರ ತಪ್ಪೂ ಅಷ್ಟೇ ದೊಡ್ಡದು. ಸವಾರ ನೆಲ ಮುಟ್ಟುವ ಮೊದಲೇ ಅಂಥ ಹೆಲ್ಮೆಟ್ ತಲೆಯಿಂದ ಹಾರಿಹೋಗಿರುತ್ತದೆ.

ಹಿಂಬದಿ ಕೂರುವವರ ಅಪಾಯವನ್ನು ನಮ್ಮಲ್ಲಿ ಬಹಳ ಕಾಲ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಒಂದೇ ಬದಿಗೆ ಕಾಲು ಹಾಕಿ ಕೂರುವ ಹೆಂಗಸರಿಗೆ ಹಿಡಿತ ಕಡಿಮೆ. ಮಡಿಲಲ್ಲಿ ಮಗುವಿದ್ದರಂತೂ ಹಿಡಿದುಕೊಳ್ಳಲು ಕೈಯೇ ಇರುವುದಿಲ್ಲ, ಗಾಡಿ ಸಣ್ಣ ಉಬ್ಬು ಹಾರಿದರೂ ಜಾರಿ ಬೀಳುತ್ತಾರೆ. ಸೆರಗೋ ವೇಲೋ ಚಕ್ರಕ್ಕೆ ಸಿಕ್ಕಿದರೆ ಕುತ್ತಿಗೆಯೇ ಬಿಗಿದುಹೋಗುತ್ತದೆ. ಹಿಂಚಕ್ರದ ಅರ್ಧದಷ್ಟನ್ನಾದರೂ ಮುಚ್ಚುವ ರಕ್ಷಣೆ, ಕೈಹಿಡಿ, ಕಾಲು ಮೆಟ್ಟುಗಳು ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುವುದು ಇದಕ್ಕಾಗಿಯೇ. ಅಂದಕ್ಕೆಂದು ಸೀರೆ ಗಾರ್ಡ್ ಬಿಚ್ಚಿಸುವುದು ಜೀವದೊಡನೆ ಆಡುವ ಆಟ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿದ್ದು 2016ರ ಜನವರಿಯಲ್ಲಿ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳನ್ನು ಸವಾರನ ಮೈಗೆ ಸೇರಿಸಿ ಬಿಗಿಯುವ ಸುರಕ್ಷಾ ಪಟ್ಟಿ, ಮಕ್ಕಳ ಅಳತೆಯ ಹೆಲ್ಮೆಟ್ ಹಾಗೂ ಗಂಟೆಗೆ 40 ಕಿ.ಮೀ. ಮೀರದ ವೇಗವನ್ನು 2022ರ ಫೆಬ್ರವರಿಯಲ್ಲಿ ಹೊರಟ ಕೇಂದ್ರದ ಅಧಿಸೂಚನೆ ಗೊತ್ತುಮಾಡಿತು.

ಹೆಲ್ಮೆಟ್ ಅಪಘಾತವನ್ನು ತಡೆಯುವುದಿಲ್ಲ, ಆದ ಮೇಲೆ ಕಾಯುತ್ತದೆ. ಅಪಘಾತವೇಕೆ ಆಗುತ್ತದೆ ಎಂಬುದಕ್ಕೆ ಸರ್ಕಾರಿ ಅಂಕಿಅಂಶ ಕೊಡುವ ಉತ್ತರ ಬಹುಪಾಲು ಒಂದೇ: ಅತಿವೇಗ. 2022ರ ಸಾವುಗಳಲ್ಲಿ ಶೇ. 71ಕ್ಕಿಂತ ಹೆಚ್ಚು ಈ ಕಲಮಿಗೆ ಸೇರಿವೆ. ವೇಗದ ಪಾತ್ರ ದೊಡ್ಡದೇ. ಆದರೆ ಠಾಣೆಯ ಕಾಗದದಲ್ಲಿ ಅತಿವೇಗ, ಅಜಾಗರೂಕತೆ ಎಂದು ಬರೆದುಬಿಟ್ಟರೆ ರಸ್ತೆಯ ಗುಂಡಿಗೆ, ದೀಪವಿಲ್ಲದೆ ನಿಂತಿದ್ದ ಲಾರಿಗೆ ಅಲ್ಲಿ ಜಾಗವೇ ಉಳಿಯುವುದಿಲ್ಲ. ಕಾರಿನವನಿಗೆ ಬರಿಯ ಕುಲುಕಾಟವಾಗುವ ಗುಂಡಿ ಎರಡು ಚಕ್ರದವನಿಗೆ ಪ್ರಾಣಾಂತಿಕವಾಗಬಲ್ಲದು. ಮಳೆ ನೀರು ತುಂಬಿದ ಗುಂಡಿಯ ಆಳ ಕಾಣುವುದಿಲ್ಲ. ತಪ್ಪಿಸಲು ಹ್ಯಾಂಡಲ್ ತಿರುಗಿಸಿದರೆ ಹಿಂದಿನಿಂದ ಬರುವ ಬಸ್ಸಿನ ದಾರಿಗೇ ಹೋಗಬೇಕಾಗುತ್ತದೆ.

ಉಬ್ಬುಗಳದ್ದೂ ಇದೇ ಕತೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು, ಬಣ್ಣ ಬಳಿದಿರಬೇಕು, ಮುನ್ಸೂಚನೆಯ ಫಲಕವಿರಬೇಕು. ಊರಿನಲ್ಲಿ ಒಂದು ಸಾವಾದ ಮೇಲೆ ಜನ ಸಿಟ್ಟಿನಲ್ಲಿ ರಾತ್ರೋರಾತ್ರಿ ಹಾಕುವ ಉಬ್ಬಿಗೆ ಇದಾವುದೂ ಇರುವುದಿಲ್ಲ. ಜನರ ಸಿಟ್ಟು ನ್ಯಾಯವಾದದ್ದು. ಆದರೂ ಕತ್ತಲಲ್ಲಿ ಬಂದ ಮುಂದಿನ ಸವಾರ ಅದೇ ಉಬ್ಬಿಗೆ ಬಲಿಯಾಗಬಹುದು.

ಸುಗ್ಗಿಯ ಕಾಲದಲ್ಲಿ ಕರ್ನಾಟಕದ ರಸ್ತೆಗಳಿಗೆ ಇನ್ನೊಂದು ಅಪಾಯ ಬಂದು ಸೇರುತ್ತದೆ. ಕಣಗಳು ಮಾಯವಾಗಿ, ಆಳು ಸಿಗದೆ, ರೈತರು ರಾಗಿ, ಹುರುಳಿಗಳನ್ನು ಡಾಂಬರು ರಸ್ತೆಯ ಮೇಲೆಯೇ ಹರಡುತ್ತಾರೆ. ಓಡಾಡುವ ವಾಹನಗಳ ಚಕ್ರವೇ ಒಕ್ಕಣೆ ಮಾಡುತ್ತದೆ. ಒಣ ಹುರುಳಿ ಹೊಟ್ಟಿನ ಮೇಲೆ ಬ್ರೇಕ್ ಹಾಕಿದ ಬೈಕು ನಿಲ್ಲುವುದಿಲ್ಲ, ಮುಂಚಕ್ರ ಜಾರಿ ಅಡ್ಡ ಬೀಳುತ್ತದೆ. ಬಳ್ಳಿ ಚಕ್ರದ ಅಚ್ಚಿಗೆ ಸುತ್ತಿಕೊಂಡರೆ ಗಾಡಿ ಸಿಕ್ಕಿಹಾಕಿಕೊಳ್ಳುತ್ತದೆ, ಬಿಸಿ ಸೈಲೆನ್ಸರಿಗೆ ತಗಲಿದರೆ ಬೆಂಕಿ ಹತ್ತುತ್ತದೆ. ಹೋಬಳಿಗೊಂದಾದರೂ ಸಾರ್ವಜನಿಕ ಒಕ್ಕಣೆ ಕಣ ಕಟ್ಟಿಕೊಡುವುದೇ ಇದಕ್ಕೆ ಪರಿಹಾರ. ರೈತನ ಮೇಲೆ ಕೇಸು ಹಾಕಿ ಪ್ರಯೋಜನವಿಲ್ಲ. ಮಂಡ್ಯ, ಬೆಳಗಾವಿಗಳ ಕಬ್ಬಿನ ಸೀಮೆಯಲ್ಲಿ ಹಿಂದೀಪವೂ ರಿಫ್ಲೆಕ್ಟರೂ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು ರಾತ್ರಿ ಹೊತ್ತು ಇಂಥದೇ ಗಂಡಾಂತರ ಒಡ್ಡುತ್ತವೆ.

ಬೈಕು ಇತರ ಚಾಲಕರ ಕಣ್ಣಿಗೆ ಬೀಳದಿರುವುದು ಎಲ್ಲ ದೇಶಗಳ ಸಮಸ್ಯೆ. ಲಾಸ್ ಏಂಜಲೀಸ್ ಪ್ರದೇಶದ 900 ಅಪಘಾತಗಳನ್ನು ಸ್ಥಳದಲ್ಲೇ ಪರಿಶೀಲಿಸಿ 1981ರಲ್ಲಿ ಹೊರಬಂದ ಹರ್ಟ್ ವರದಿಯ ಪ್ರಕಾರ, ಬೇರೆ ವಾಹನದೊಡನೆ ಆದ ಡಿಕ್ಕಿಗಳಲ್ಲಿ ಮೂರರಲ್ಲಿ ಎರಡು ಪಾಲು ಬೈಕಿಗೆ ಸಲ್ಲಬೇಕಾದ ದಾರಿಗೆ ಇನ್ನೊಬ್ಬರು ಅಡ್ಡ ನುಗ್ಗಿದ್ದರಿಂದ ಆದವು. ಭಾರತದಲ್ಲಿ 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಹಗಲಲ್ಲೂ ತಾನಾಗಿಯೇ ಉರಿಯುತ್ತಿರುವುದು ಇದಕ್ಕೆ ಕಂಡುಕೊಂಡ ಉಪಾಯ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಗಾಡಿಗಳಿಗೆ, ಬ್ರೇಕ್ ಬಿಗಿಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಕಡ್ಡಾಯವಾಯಿತು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ಇನ್ನೂ ಮುಂದೆ ಹೋಗಿ, 2023ರ ಆಗಸ್ಟ್ 1ರಿಂದ ಮುಖ್ಯ ಪಥಗಳಿಗೆ ಬೈಕುಗಳನ್ನೇ ಬಿಡದೆ ಸರ್ವಿಸ್ ರಸ್ತೆಗೆ ಕಳುಹಿಸಿತು. ಅತಿ ವೇಗದ ವಾಹನಗಳಿಂದ ಸವಾರರನ್ನು ಬೇರ್ಪಡಿಸುವುದು ಒಳ್ಳೆಯ ನೀತಿಯೇ, ಆದರೆ ಸರ್ವಿಸ್ ರಸ್ತೆಯೂ ಅಷ್ಟೇ ಸುಸ್ಥಿತಿಯಲ್ಲಿದ್ದರೆ ಮಾತ್ರ ಅದಕ್ಕೆ ಅರ್ಥ.

ಮೋಟಾರು ವಾಹನ ಕಾಯ್ದೆಯ 129ನೆಯ ಕಲಮು ನಾಲ್ಕು ವರ್ಷ ಮೀರಿದ ಎಲ್ಲರಿಗೂ ಹೆಲ್ಮೆಟ್ ವಿಧಿಸುತ್ತದೆ. ಪೇಟ ಧರಿಸುವ ಸಿಖ್ಖರಿಗೆ ಮಾತ್ರ ವಿನಾಯಿತಿ. 2019ರ ತಿದ್ದುಪಡಿ ದಂಡವನ್ನು 1,000 ರೂಪಾಯಿಗೆ ಏರಿಸಿ, ಮೂರು ತಿಂಗಳು ಲೈಸೆನ್ಸ್ ಅನರ್ಹತೆಯನ್ನೂ ಸೇರಿಸಿತು. ಕರ್ನಾಟಕ ದಂಡವನ್ನು 500ಕ್ಕೆ ಇಳಿಸಿತು. ಅಪ್ರಾಪ್ತರ ಕೈಗೆ ಗಾಡಿ ಕೊಟ್ಟು ಅಪರಾಧವಾದರೆ ಪೋಷಕರಿಗೋ ಮಾಲೀಕರಿಗೋ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ವಿಧಿಸಬಹುದು.

ಬಿದ್ದವರು ಎದ್ದು ನಿಂತು ‘ಏನೂ ಆಗಿಲ್ಲ’ ಎಂದು ಮನೆಗೆ ಹೋಗುವುದುಂಟು. ತಲೆಬುರುಡೆಯೊಳಗೆ ರಕ್ತ ನಿಧಾನವಾಗಿ ಶೇಖರವಾಗುತ್ತಿದ್ದರೆ ಕೆಲವು ಗಂಟೆಗಳ ನಂತರ ತಲೆನೋವು, ವಾಂತಿ, ಮಂಪರು ಶುರುವಾಗಿ ಪ್ರಜ್ಞೆ ತಪ್ಪುತ್ತದೆ. ಹೀಗಾಗಿ ತಲೆಗೆ ಪೆಟ್ಟು ಬಿದ್ದ ಯಾರನ್ನೇ ಆಗಲಿ ತಕ್ಷಣ ಆಸ್ಪತ್ರೆಗೆ ತೋರಿಸಬೇಕು. ಪ್ರಜ್ಞೆಯಿಲ್ಲದವರ ಕುತ್ತಿಗೆ ತಿರುಚದಂತೆ ನೋಡಿಕೊಳ್ಳಬೇಕು, ನೀರು ಕುಡಿಸಬಾರದು.

2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಲುಕಿ ದೇಹ ಎರಡು ತುಂಡಾದ ಯುವಕ ಸವಾರನೊಬ್ಬ ಸಾಯುವ ಮುನ್ನ ತನ್ನ ಅಂಗಾಂಗ ದಾನ ಮಾಡಿ ಎಂದು ಕೇಳಿಕೊಂಡ. ಅವನ ಕಣ್ಣುಗಳನ್ನು ದಾನ ಮಾಡಲಾಯಿತು. ರಾಜ್ಯ ಸರ್ಕಾರ ಅದೇ ಮಾರ್ಚ್‌ನಲ್ಲಿ ಅವನ ಹೆಸರಿನಲ್ಲಿ ‘ಮುಖ್ಯಮಂತ್ರಿ ಸಾಂತ್ವನ ಹರೀಶ್’ ಯೋಜನೆ ತಂದು, ಗಾಯಾಳು ಯಾವ ಊರಿನವನೇ ಆಗಿರಲಿ, ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿವರೆಗಿನ ಉಚಿತ ಚಿಕಿತ್ಸೆಗೆ ವ್ಯವಸ್ಥೆ ಮಾಡಿತು. ನೆರವಿಗೆ ಬಂದವರನ್ನು ಕಾಪಾಡುವ ಕಾಯ್ದೆಯನ್ನೂ ಕರ್ನಾಟಕ 2016ರಲ್ಲೇ ರೂಪಿಸಿತು. 2019ರ ತಿದ್ದುಪಡಿಯ 134ಎ ಕಲಮು ಇಡೀ ದೇಶಕ್ಕೆ ಅಂಥ ರಕ್ಷಣೆ ಕೊಟ್ಟಿದೆ: ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ತಮ್ಮ ಹೆಸರು, ವಿಳಾಸ ಹೇಳಲೇಬೇಕೆಂದಿಲ್ಲ, ಒಳ್ಳೆಯ ಮನಸ್ಸಿನಿಂದ ಮಾಡಿದ ಸಹಾಯಕ್ಕಾಗಿ ಅವರ ಮೇಲೆ ಕೇಸು ಹಾಕುವಂತೆಯೂ ಇಲ್ಲ.